ಮೊದಲ ಸಲ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಳ್ಳೋರಿಗೆ: ಒಬ್ಬ ಸರ್ವೇಯರ್ ಹೇಳೋದು

ನಾನು ಬೆಂಗಳೂರಿನಲ್ಲಿ ವಾಹನ ವಿಮೆಯ ಸರ್ವೇಯರ್. ಗುದ್ದಿದ ಕಾರು, ಮುಳುಗಿದ ಕಾರು, ಅರ್ಧ ಸುಟ್ಟ ಕಾರು ನೋಡಿ ನಷ್ಟ ಎಷ್ಟು ಅಂತ ವರದಿ ಬರೆಯುವುದು ನನ್ನ ಕೆಲಸ. ಹಾಗಾಗಿ ನೆಂಟರು, ಅಪಾರ್ಟ್‌ಮೆಂಟಿನವರು, ಹೆಂಡತಿಯ ಆಫೀಸಿನವರು, ಯಾರೇ ಹಳೆ ಕಾರು ತಗೊಳ್ಳೋಕೆ ಹೊರಟರೂ ನನಗೊಂದು ಫೋನ್ ಬರುತ್ತದೆ. ಮೊದಲೆಲ್ಲ ಸ್ವಿಫ್ಟು, ಇನ್ನೋವಾ ಬಗ್ಗೆ ಕೇಳೋರು. ಈಗ ಮದುವೆ ಕೂಡ ಆಗಿರದ ಹುಡುಗರು ಆಡಿ ಟಿಟಿ, ಬಿಎಂಡಬ್ಲ್ಯು ಝೆಡ್4, ಮಸ್ಟಾಂಗ್ ಅಂತ ಕೇಳುತ್ತಾರೆ. ತಪ್ಪೇನಿಲ್ಲ, ನನಗೂ ಆ ಕಾರುಗಳು ಇಷ್ಟ. ಆದರೆ ಇನ್ನೋವಾ ನೋಡಿದ ಕಣ್ಣಲ್ಲೇ ಇವನ್ನು ನೋಡಿದರೆ ಕೆಡುತ್ತೀರಿ.

ಕಾರಿನ ಬೆಲೆ ಇಳಿಯುತ್ತೆ, ಪಾರ್ಟ್ಸ್ ಬೆಲೆ ಇಳಿಯಲ್ಲ

2015ರಲ್ಲಿ ಮೂರನೇ ತಲೆಮಾರಿನ ಆಡಿ ಟಿಟಿ ಇಲ್ಲಿಗೆ ಬಂದಾಗ ಶೋರೂಮ್ ಬೆಲೆ 60 ಲಕ್ಷ ದಾಟಿತ್ತು. 2016ರಲ್ಲಿ ಮಸ್ಟಾಂಗ್ ಜಿಟಿ 65 ಲಕ್ಷಕ್ಕೆ ಬಂತು. ಇವತ್ತು ಅವು ಎಷ್ಟೇ ಕಡಿಮೆಗೆ ಸಿಗಲಿ, ಅದರ ಹೆಡ್‌ಲೈಟು 60 ಲಕ್ಷದ ಕಾರಿನ ಹೆಡ್‌ಲೈಟೇ. ಗಾಡಿ ಹಳೇದಾಯಿತು ಅಂತ ಕಂಪನಿಯವರು ಪಾರ್ಟ್ಸ್ ಬೆಲೆ ಇಳಿಸುವುದಿಲ್ಲ. ಕಾರು ಪೂರ್ತಿ ಹೊರದೇಶದಿಂದ ಬಂದದ್ದು. ಪಾರ್ಟೂ ಅಲ್ಲಿಂದಲೇ ಬರಬೇಕು, ಅದರ ಮೇಲೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ. ಒಂದೇ ಒಂದು ಎಲ್‌ಇಡಿ ಹೆಡ್‌ಲೈಟಿಗೆ ಲಕ್ಷ ದಾಟಿದ ಎಸ್ಟಿಮೇಟು ಬಂದರೆ ನಮ್ಮ ಆಫೀಸಿನಲ್ಲಿ ಯಾರೂ ತಲೆ ಎತ್ತಿ ನೋಡಲ್ಲ.

ಹಾಗಾಗಿ ಕೈಯಲ್ಲಿ 25 ಲಕ್ಷ ಇದ್ದರೆ 20 ಲಕ್ಷದ ಕಾರು ನೋಡಿ. ಮಿಕ್ಕ ಐದು ಲಕ್ಷ ಬ್ಯಾಂಕಿನಲ್ಲೇ ಇರಲಿ, ಮೊದಲ ವರ್ಷಕ್ಕೆ ಬೇಕಾಗುತ್ತೆ. ಸಾಲ ಮಾಡಿ ತಗೊಳ್ಳೋದಾದರೆ ಕಂತಿನ ಜೊತೆಗೆ ಈ ಐದು ಲಕ್ಷವೂ ಕೈಯಲ್ಲಿರಬೇಕು. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಿರಿ. ಕಾರು ಎಲ್ಲೂ ಓಡಿಹೋಗಲ್ಲ.

ಪಾರ್ಟ್ಸ್ ಬೆಲೆಯಿಂದ ಇನ್ನೊಂದು ತೊಂದರೆ ಇದೆ. ಅದು ನಮ್ಮ ಕಸುಬಿನವರಿಗೆ ಮಾತ್ರ ಕಾಣುವಂಥದ್ದು. ವಿಮೆಯಲ್ಲಿ ಕಾರಿಗೆ ಐಡಿವಿ ಅಂತ ಒಂದು ಬೆಲೆ ಕಟ್ಟಿರುತ್ತಾರೆ. ರಿಪೇರಿ ಖರ್ಚು ಆ ಐಡಿವಿಯ ಶೇ. 75 ದಾಟಿದರೆ ಗಾಡಿ ಟೋಟಲ್ ಲಾಸ್ ಲೆಕ್ಕ. ವರ್ಷ ಕಳೆದ ಹಾಗೆ ಐಡಿವಿ ಇಳಿಯುತ್ತೆ, ಪಾರ್ಟ್ಸ್ ಬೆಲೆ ಅಲ್ಲೇ ನಿಂತಿರುತ್ತೆ. ಆಮೇಲೆ ಒಂದು ಸಾಧಾರಣ ಗುದ್ದು ಸಾಕು: ಮುಂದಿನ ಬಂಪರು, ಎರಡು ಹೆಡ್‌ಲೈಟು, ರೇಡಿಯೇಟರು, ಎರಡು ಏರ್‌ಬ್ಯಾಗು. ಕಂಪನಿ ಪಾರ್ಟ್ಸ್ ಹಾಕಿ ಲೆಕ್ಕ ಮಾಡಿದರೆ ಅಷ್ಟಕ್ಕೇ 75 ದಾಟಿಬಿಡುತ್ತೆ. ವಿಮೆ ಕಂಪನಿ ಮಾಲೀಕನಿಗೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತೆ. ಗುದ್ದಿದ ಗಾಡಿ ಸಾಲ್ವೇಜ್ ಅಂತ ಹರಾಜಾಗುತ್ತೆ. ಹರಾಜಿನಲ್ಲಿ ತಗೊಂಡವನು ಬೇರೆ ಗಾಡಿಯಿಂದ ಬಿಚ್ಚಿದ ಪಾರ್ಟ್ಸ್ ಹಾಕಿ, ಟಿಂಕರಿಂಗ್ ಪೇಂಟಿಂಗ್ ಮಾಡಿಸಿ, ಸೆರಾಮಿಕ್ ಕೋಟಿಂಗ್ ಹೊಡೆಸಿ ಮಾರುತ್ತಾನೆ. ಮಿರಮಿರ ಮಿಂಚುವ ಕಾರು ನಿಮ್ಮ ಮೊಬೈಲಿನಲ್ಲಿ ಕಾಣೋದು ಆಗ.

ಯಾವುದು ತಗೊಳ್ಳೋದು

ನನ್ನ ಅಕ್ಕನ ಮಗ ಹಟ ಹಿಡಿದಾಗ ನಾನು ಮೊದಲು ಹೇಳಿದ್ದು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230. 2017ರಲ್ಲಿ 24.62 ಲಕ್ಷಕ್ಕೆ ಬಂದ ಕಾರು. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, ಆರು ಗೇರಿನ ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಸಾಮಾನ್ಯ ಆಕ್ಟೇವಿಯಾ ಔರಂಗಾಬಾದಿನಲ್ಲಿ ಜೋಡಣೆಯಾಗುತ್ತಿತ್ತು, ಹಾಗಾಗಿ ಎಷ್ಟೋ ಪಾರ್ಟ್ಸ್ ಸಿಗುತ್ತೆ, ಗೊತ್ತಿರುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅವನು ಮುಖ ಸಣ್ಣ ಮಾಡಿಕೊಂಡ. "ಮಾಮ, ಅದು ಆಕ್ಟೇವಿಯಾ. ನಮ್ಮ ಮ್ಯಾನೇಜರ್ ಹತ್ರನೂ ಇದೆ" ಅಂದ. ಎರಡು ಬಾಗಿಲೇ ಬೇಕು ಅವನಿಗೆ. ಆಸೆ ಅಂದ್ರೆ ಆಸೆ, ಅದಕ್ಕೆ ವಾದ ಮಾಡಿ ಪ್ರಯೋಜನ ಇಲ್ಲ.

ಆದರೂ ಮನೆಯಲ್ಲಿ ಒಂದೇ ಕಾರು, ಒಂದೇ ಪಾರ್ಕಿಂಗ್ ಇರೋರಿಗೆ ನನ್ನ ಉತ್ತರ ಇವತ್ತಿಗೂ ವಿಆರ್‌ಎಸ್, ಇಲ್ಲ ಮಿನಿ ಕೂಪರ್ ಎಸ್. ಮನೆಯಲ್ಲಿ ಇನ್ನೊಂದು ಕಾರಿದ್ದರೆ ಮಾತ್ರ ಟಿಟಿ, ಝೆಡ್4 ಕಡೆ ನೋಡಿ.

ಒಂದೊಂದಕ್ಕೂ ಒಂದೊಂದು ಕಾಯಿಲೆ ಇದೆ. ಎರಡನೇ ತಲೆಮಾರಿನ ಟಿಟಿಯ ಎರಡು ಲೀಟರ್ ಎಂಜಿನ್ ಕೆಲವು ವರ್ಷದ ಗಾಡಿಗಳಲ್ಲಿ ಆಯಿಲ್ ಕುಡಿಯುತ್ತೆ, ಎಂಜಿನ್ ಒಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಕೈಕೊಡುತ್ತೆ. ಹಾಗೆ ಕೈಕೊಟ್ಟರೆ ಎಂಜಿನ್ನೇ ಹೋಗಬಹುದು. ಟೆನ್ಶನರ್ ಬದಲಾಯಿಸಿದ ಬಿಲ್ಲು ಕೇಳಿ. ಕ್ವಾಟ್ರೊ, ಅಂದ್ರೆ ನಾಲ್ಕೂ ಚಕ್ರ ಎಳೆಯುವ ಮಾದರಿ ಆದರೆ, ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುವ ಹಾಲ್ಡೆಕ್ಸ್ ಭಾಗದ ಆಯಿಲ್ ಬದಲಾಯಿಸಿದ ಬಿಲ್ಲೂ ಕೇಳಿ. ತುಂಬ ಜನಕ್ಕೆ ಅಂಥದ್ದೊಂದು ಆಯಿಲ್ ಇದೆ ಅನ್ನೋದೇ ಗೊತ್ತಿರಲ್ಲ. ಹಳೆ ಝೆಡ್4 35ಐನಲ್ಲಿ ಹೈ ಪ್ರೆಶರ್ ಫ್ಯೂಯಲ್ ಪಂಪು, ಇಂಜೆಕ್ಟರು ನೋಡಿಸಬೇಕು. ಅದರ ಮಡಚುವ ಛಾವಣಿಯನ್ನು ಎರಡು ಸಲ ಪೂರ್ತಿ ತೆಗೆಸಿ, ಮುಚ್ಚಿಸಿ. ಮಧ್ಯ ಎಲ್ಲಾದರೂ ತಡೆದು ನಿಂತರೆ ಮೋಟರೋ ವೈರಿಂಗೋ ಹೋಗಿದೆ ಅಂತ ಲೆಕ್ಕ. ಪೋರ್ಷೆ ಬಾಕ್ಸ್‌ಸ್ಟರ್, ಕೇಮನ್ ಆದರೆ 2009ಕ್ಕಿಂತ ಹಿಂದಿನದಕ್ಕೆ ಹೋಗಬೇಡಿ. ಆ ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಅನ್ನೋದೊಂದು ಇದೆ, ಅದು ಒಡೆದರೆ ಎಂಜಿನ್ ಪೂರ್ತಿ ಹಾಳು. 2009ರಿಂದ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ.

ಮಸ್ಟಾಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಐದು ಲೀಟರಿನ ವಿ8, ಟರ್ಬೊ ಇಲ್ಲ, ಎಂಜಿನ್ ಮಟ್ಟಿಗೆ ಈ ಗುಂಪಿನಲ್ಲಿ ಸರಳವಾದದ್ದು ಅದೇ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಸರ್ವಿಸ್ ಇದೆ, ಪಾರ್ಟ್ಸಿಗೆ ಮಾತ್ರ ತಾಳ್ಮೆ ಬೇಕು. ಹಿಂದಿನ ಚಕ್ರಕ್ಕೆ 400ರ ಹತ್ತಿರ ಕುದುರೆಶಕ್ತಿ ಹೋಗುತ್ತೆ, ಮೊದಲ ಮಳೆಯಲ್ಲಿ ರಸ್ತೆ ಸಾಬೂನು. ಇಷ್ಟು ದಿನ ಮುಂದಿನ ಚಕ್ರ ಎಳೆಯುವ ಕಾರನ್ನೇ ಓಡಿಸಿದವರಿಗೆ ಮೊದಲ ಸ್ಪೋರ್ಟ್ಸ್ ಕಾರಾಗಿ ನಾನು ಅದನ್ನು ಹೇಳಲ್ಲ.

ಮೊದಲು ಕಾಗದ, ಆಮೇಲೆ ಕಾರು

ಕಾರು ನೋಡಿಬಿಟ್ಟರೆ ಮನಸ್ಸು ಸೋಲುತ್ತೆ, ಆಮೇಲೆ ಕಾಗದದ ತಪ್ಪು ಕಣ್ಣಿಗೆ ಬೀಳಲ್ಲ. ಅದಕ್ಕೆ ಹೋಗುವ ಮುಂಚೆ ಆರ್‌ಸಿಯ ಎರಡೂ ಬದಿ, ಈಗಿನ ವಿಮೆ ಪಾಲಿಸಿ, ಸರ್ವಿಸ್ ಬಿಲ್ಲುಗಳ ಫೋಟೊ ಕಳಿಸಲು ಹೇಳಿ. ಕಳಿಸಲ್ಲ ಅಂದವರ ಮನೆಗೆ ಹೋಗಲೇಬೇಡಿ.

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಎಷ್ಟನೇ ಮಾಲೀಕ, ಸಾಲ ಬಾಕಿ ಇದೆಯಾ, ವಿಮೆ ಚಾಲ್ತಿಯಲ್ಲಿದೆಯಾ, ಹೊಗೆ ತಪಾಸಣೆ ಆಗಿದೆಯಾ, ಎಲ್ಲ ಗೊತ್ತಾಗುತ್ತೆ. ಸಾಲ ಅಂತ ತೋರಿಸಿದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 (ಸಾಲ ತೀರಿತು ಅಂತ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಅರ್ಜಿ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. "ಲೋನ್ ಕ್ಲಿಯರ್ ಆಗಿದೆ ಸಾರ್, ಆರ್‌ಸಿಲಿ ಮಾತ್ರ ತೆಗೆಸಿಲ್ಲ" ಅನ್ನುತ್ತಾರೆ. ತೆಗೆಸಿಕೊಂಡೇ ಬನ್ನಿ ಅನ್ನಿ. ಬಾಕಿ ದಂಡವನ್ನೂ ಆನ್‌ಲೈನಲ್ಲೇ ನೋಡಿ. ಸ್ಪೋರ್ಟ್ಸ್ ಕಾರಿನವರಿಗೆ ಸ್ಪೀಡ್ ಕ್ಯಾಮೆರಾ ದಂಡ ಸಾಲಾಗಿ ಇರುವುದು ಮಾಮೂಲು.

ಪಾಲಿಸಿಯಲ್ಲಿ ಎನ್‌ಸಿಬಿ ಅಂತ ಒಂದು ಸಾಲು ಇರುತ್ತೆ. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸಿಗುವ ರಿಯಾಯಿತಿ ಅದು. ಒಂದು ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದು ವರ್ಷಕ್ಕೆ 50. ಆರು ವರ್ಷದ ಕಾರು, ಒಬ್ಬನೇ ಮಾಲೀಕ, "ಒಂದು ಗೀರೂ ಬಿದ್ದಿಲ್ಲ" ಅಂತ ಮಾತು, ಆದರೆ ಎನ್‌ಸಿಬಿ ಸೊನ್ನೆ. ಅಂದ್ರೆ ಹೋದ ವರ್ಷ ಕ್ಲೇಮ್ ಆಗಿದೆ, ಇಲ್ಲ ಪಾಲಿಸಿ ನಡುವೆ ತಪ್ಪಿಹೋಗಿತ್ತು. ಎರಡರಲ್ಲಿ ಯಾವುದು ಅಂತ ಕೇಳಿ, ಮುಖ ನೋಡಿ. 50 ಇದ್ದರೂ ಪೂರ್ತಿ ನಂಬಬೇಡಿ. ಎನ್‌ಸಿಬಿ ಮಾಲೀಕನದು, ಕಾರಿನದಲ್ಲ. ಹಳೆ ಕಾರಿನಿಂದ ಇದಕ್ಕೆ ತಂದುಕೊಂಡಿರಬಹುದು, ಎನ್‌ಸಿಬಿ ಉಳಿಸುವ ಆ್ಯಡ್-ಆನ್ ಕೂಡ ಸಿಗುತ್ತೆ. ಆದರೂ ಎರಡೇ ನಿಮಿಷದಲ್ಲಿ ಇಷ್ಟು ಹೇಳುವ ಕಾಗದ ಬೇರೆ ಇಲ್ಲ, ಇದನ್ನೇ ಯಾರೂ ಓದಲ್ಲ.

ಬೇರೆ ರಾಜ್ಯದ ನಂಬರ್ ಪ್ಲೇಟ್

ದೆಹಲಿ, ಪುದುಚೇರಿ, ಮಹಾರಾಷ್ಟ್ರ ನಂಬರಿನ ಕಾರು ನಾಲ್ಕೈದು ಲಕ್ಷ ಕಡಿಮೆಗೆ ಸಿಗುತ್ತೆ. ಸುಮ್ನೆ ಯಾರೂ ಕಡಿಮೆ ಮಾಡಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಮೇಲೆ ಸೆಸ್ಸು. ಹೊರಗಿನ ಗಾಡಿ ಇಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದರೆ ಈ ತೆರಿಗೆ ಕಟ್ಟಲೇಬೇಕು. ವಯಸ್ಸಿನ ಲೆಕ್ಕದಲ್ಲಿ ಕಡಿತ ಸಿಗುತ್ತೆ. ಆದರೆ ಲೆಕ್ಕ ಶುರುವಾಗೋದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. 60 ಲಕ್ಷದ ಕಾರನ್ನು 18ಕ್ಕೆ ತಗೊಂಡು, ತೆರಿಗೆ 18ರ ಮೇಲೆ ಅಂದುಕೊಂಡು ಕೂತವರನ್ನು ನೋಡಿದ್ದೇನೆ. ಅಡ್ವಾನ್ಸ್ ಕೊಡುವ ಮುಂಚೆ ಆರ್‌ಸಿ ಜೆರಾಕ್ಸ್ ಹಿಡಿದುಕೊಂಡು ನಿಮ್ಮ ಆರ್‌ಟಿಒಗೆ ಹೋಗಿ, ಅಲ್ಲೇ ಲೆಕ್ಕ ಹಾಕಿಸಿ. ಆ ಮೊತ್ತ ಸೇರಿಸಿ ನೋಡಿ, ಅಗ್ಗ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತೆ.

ಕಟ್ಟದೆ ಓಡಿಸೋಣ ಅನ್ನೋ ಕಾಲ ಮುಗಿಯಿತು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ 30 ಐಷಾರಾಮಿ ಕಾರು ಹಿಡಿದರು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ 1.42 ಕೋಟಿ ತೆರಿಗೆ ಕಟ್ಟಿಸಿಕೊಂಡರು. ಕೆಂಪು ಬಣ್ಣದ ಟಿಟಿ ಟ್ರಾಫಿಕ್ಕಿನಲ್ಲಿ ಬಚ್ಚಿಟ್ಟುಕೊಳ್ಳೋಕೆ ಆಗುತ್ತಾ?

ಮೊದಲ ಸಲ ತಗೊಳ್ಳೋರು ಕೆಎ ನಂಬರಿನ ಕಾರನ್ನೇ ನೋಡಿ. ಎರಡು ಲಕ್ಷ ಜಾಸ್ತಿಯಾದರೂ ಪರವಾಗಿಲ್ಲ. ಅದರಲ್ಲೂ ಮಂಗಳೂರು, ಉಡುಪಿ ಕಡೆ ಓಡಾಡಿದ ಗಾಡಿಯಾದರೆ ಅಡಿಭಾಗ ಚೆನ್ನಾಗಿ ನೋಡಿ. ಉಪ್ಪು ಗಾಳಿಗೆ ಸಸ್ಪೆನ್ಷನ್ ಬೋಲ್ಟು, ಬ್ರೇಕ್ ಪೈಪು ತುಕ್ಕು ಹಿಡಿದಿರುತ್ತೆ. ಚೆನ್ನೈ, ಮುಂಬೈ ಗಾಡಿಗೂ ಇದೇ ಮಾತು.

ಬೆಲ್ಟ್ ಎಳೆದು ನೋಡಿ

2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿತ್ತಲ್ಲ, ಆ ವಾರ ನಾವು ಸರ್ವೇಯರುಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಕೋಟಿ ಬೆಲೆಯ ಕಾರುಗಳು ಛಾವಣಿ ಮಾತ್ರ ಕಾಣುವಷ್ಟು ಮುಳುಗಿದ್ದವು. ಅವೆಲ್ಲ ಗುಜರಿಗೆ ಹೋಗಲಿಲ್ಲ. ಎಷ್ಟೋ ಗಾಡಿ ಒಣಗಿ, ಒಳಗೆಲ್ಲ ತೊಳೆಸಿಕೊಂಡು, ಬೇರೆ ಊರು ಸುತ್ತಿ ಮತ್ತೆ ಮಾರಾಟಕ್ಕೆ ಬಂದಿವೆ. ಚೆನ್ನೈನ 2015ರ ನೆರೆಯ ಕಾರುಗಳನ್ನು ಬೆಂಗಳೂರಿನವರು ತಗೊಂಡ ಹಾಗೆ, ನಮ್ಮ 2022ರ ಕಾರುಗಳನ್ನು ಬೇರೆಯವರೂ ತಗೊಂಡಿದ್ದಾರೆ.

ಅಕ್ಕನ ಮಗನ ಜೊತೆ ಒಂದು ಟಿಟಿ ನೋಡೋಕೆ ಹೋಗಿದ್ದೆ. ಡೀಲರ್ ಜಾಗ, ಎಸಿ ಇರುವ ಶೋರೂಮು, ಕಾಫಿ ಬಂತು. ಬಿಳಿ ಕಾರು, ಒಳಗೆ ಹೊಸ ಲೆದರ್ ವಾಸನೆ. ಎಂಟು ವರ್ಷದ ಕಾರಿನಲ್ಲಿ ಹೊಸ ವಾಸನೆ ಯಾಕೆ ಬರಬೇಕು? ನಾನು ಡ್ರೈವರ್ ಸೀಟಿನಲ್ಲಿ ಕೂತು ಬೆಲ್ಟನ್ನು ಮೆಲ್ಲಗೆ, ಕೊನೆ ತನಕ ಎಳೆದೆ. ನಾವು ಹಾಕಿಕೊಳ್ಳುವಾಗ ಅದರ ಮುಕ್ಕಾಲು ಭಾಗ ಮಾತ್ರ ಹೊರಗೆ ಬರುತ್ತೆ. ಕೊನೆಯ ಒಂದಡಿ ಯಾವಾಗಲೂ ಸುರುಳಿಯ ಒಳಗೇ ಇರುತ್ತೆ, ತೊಳೆಯುವವರು ಅಲ್ಲಿಗೆ ಹೋಗಲ್ಲ. ಆ ಕೊನೆಯ ಅಡಿಯಲ್ಲಿ ಕಪ್ಪು ಬೆಲ್ಟಿನ ಮೇಲೆ ಅಡ್ಡಕ್ಕೆ ಒಂದು ಕಂದು ಗೆರೆ. ಉಗುರಲ್ಲಿ ಕೆರೆದರೆ ಪುಡಿ ಬಂತು. ಒಣಗಿದ ಕೆಸರು. ಸೀಟು ಹಿಂದಕ್ಕೆ ತಳ್ಳಿ ಮೊಬೈಲ್ ಟಾರ್ಚ್ ಹಾಕಿದರೆ ಸೀಟು ಜಾರುವ ಪಟ್ಟಿಯ ಬೋಲ್ಟುಗಳ ತಲೆಯೆಲ್ಲ ಕೆಂಪು ತುಕ್ಕು. ಸೀಟ್ ಕೆಳಗಿನ ವೈರಿಂಗ್ ಸಾಕೆಟ್ಟಿನ ಪಿನ್ನು ಹಸಿರು. ಡೀಲರ್ ಹುಡುಗ "ಸಾರ್, ವಾಟರ್ ವಾಶ್ ಮಾಡಿಸಿದ್ವಿ" ಅಂದ. ವಾಟರ್ ವಾಶಿಗೆ ಬೆಲ್ಟಿನೊಳಗೆ ಕೆಸರು ಹೋಗಲ್ಲಪ್ಪ ಅಂದು ಕಾಫಿ ಕುಡಿದು ಬಂದೆವು.

ನೀರು ಕುಡಿದ ಕಾರು ತಗೊಂಡ ದಿನ ಚೆನ್ನಾಗಿಯೇ ಓಡುತ್ತೆ. ಆರು ತಿಂಗಳಿಗೆ ಕಂಟ್ರೋಲ್ ಯೂನಿಟ್ಟುಗಳು, ಅಂದ್ರೆ ಕಾರಿನೊಳಗಿನ ಸಣ್ಣ ಕಂಪ್ಯೂಟರುಗಳು, ಒಂದೊಂದಾಗಿ ಸಾಯೋಕೆ ಶುರುವಾಗುತ್ತೆ. ಅಂಥ ಕಾರಿಗೆ ಎಷ್ಟು ಕಡಿಮೆ ಮಾಡಿದರೂ ಬೇಡ. ಇದರಲ್ಲಿ ಚೌಕಾಸಿಯೇ ಇಲ್ಲ.

ಬಣ್ಣ, ಬೋಲ್ಟು, ಏರ್‌ಬ್ಯಾಗು

ಪೇಂಟ್ ಎಷ್ಟು ದಪ್ಪ ಇದೆ ಅಂತ ಅಳೆಯುವ ಒಂದು ಸಣ್ಣ ಗೇಜು ಸಿಗುತ್ತೆ, ಕೆಲವು ಸಾವಿರ ರೂಪಾಯಿ. ಇಪ್ಪತ್ತು ಲಕ್ಷದ ವ್ಯವಹಾರಕ್ಕೆ ಇದನ್ನು ತಗೊಳ್ಳದೆ ಹೋಗಬೇಡಿ. ಫ್ಯಾಕ್ಟರಿ ಪೇಂಟು ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ ಇರುತ್ತೆ. ಒಂದು ಬಾಗಿಲಿನಲ್ಲಿ 250, 300 ಬಂದರೆ ಮತ್ತೆ ಪೇಂಟ್ ಆಗಿದೆ. ನಮ್ಮ ಊರಲ್ಲಿ ಒಂದು ಬಾಗಿಲು ಪೇಂಟ್ ಆಗದ ಕಾರು ಸಿಗೋದೇ ಅಪರೂಪ, ಅದಕ್ಕೆ ಹೆದರಬೇಕಿಲ್ಲ. 500, 800 ಬಂದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಛಾವಣಿಯಲ್ಲೋ ಬಾಗಿಲಿನ ಪಕ್ಕದ ಕಂಬದಲ್ಲೋ ಅಷ್ಟು ಬಂದರೆ ಗಾಡಿ ಉರುಳಿದೆ, ಇಲ್ಲ ಜೋರಾಗಿ ಗುದ್ದಿಸಿಕೊಂಡಿದೆ. ಎದ್ದು ಬನ್ನಿ. ಒಂದು ವಿಷಯ ನೆನಪಿರಲಿ: ಟಿಟಿಯಂಥ ಕಾರಿನಲ್ಲಿ ಅಲ್ಯೂಮಿನಿಯಂ ಪ್ಯಾನೆಲ್ ಇರುತ್ತೆ. ಬರಿ ಕಬ್ಬಿಣ ಮಾತ್ರ ಅಳೆಯುವ ಅಗ್ಗದ ಗೇಜು ಅಲ್ಲಿ ಕೆಲಸ ಮಾಡಲ್ಲ.

ಗೇಜು ಇಲ್ಲದಿದ್ದರೆ ಬೋಲ್ಟು ನೋಡಿ. ಬಾನೆಟ್ ಎತ್ತಿ, ಅದರ ಕೀಲಿನ ಬೋಲ್ಟು, ಮುಂದಿನ ಫೆಂಡರಿನ ಬೋಲ್ಟು. ಫ್ಯಾಕ್ಟರಿಯಲ್ಲಿ ಬೋಲ್ಟು ಹಾಕಿದ ಮೇಲೆ ಪೇಂಟ್ ಆಗಿರುತ್ತೆ, ಮೂಲೆಗಳು ನುಣುಪು. ಸ್ಪ್ಯಾನರ್ ಬಿದ್ದಿದ್ದರೆ ಮೂಲೆಯಲ್ಲಿ ಬಣ್ಣ ಹಾರಿ ಲೋಹ ಕಾಣುತ್ತೆ. ಡಿಕ್ಕಿಯಲ್ಲಿ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿ ನೋಡಿ. ತಳದಲ್ಲಿ ಸುಕ್ಕು, ಕೈ ವೆಲ್ಡಿಂಗ್ ಕಂಡರೆ ಹಿಂದಿನಿಂದ ಯಾರೋ ಗುದ್ದಿದ್ದಾರೆ. ಎಲ್ಲ ಗಾಜಿನ ಮೂಲೆಯಲ್ಲೂ ತಯಾರಾದ ವರ್ಷದ ಗುರುತು ಇರುತ್ತೆ. ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಕೇಳಿ. ಕಲ್ಲು ಬಿದ್ದು ಮುಂದಿನ ಗಾಜು ಹೋಗೋದು ಸಹಜ. ಪಕ್ಕದ ಗಾಜು ಸುಮ್ನೆ ಹೋಗಲ್ಲ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗಿನ ದೀಪ ಹತ್ತಿ, ಕೆಲವು ಸೆಕೆಂಡಿಗೆ ಆರಬೇಕು. ಹತ್ತಲೇ ಇಲ್ಲ ಅಂದರೆ ದೀಪವನ್ನೇ ಕಿತ್ತಿದ್ದಾರೆ. ಹತ್ತಿ ಆರಿದರೂ ಪೂರ್ತಿ ಭರವಸೆ ಇಲ್ಲ, ಏರ್‌ಬ್ಯಾಗಿನ ಜಾಗಕ್ಕೆ ಒಂದು ರೆಸಿಸ್ಟರ್ ಹಾಕಿ ಕಂಪ್ಯೂಟರಿಗೆ ಮೋಸ ಮಾಡೋರೂ ಇದ್ದಾರೆ. ಡ್ಯಾಶ್‌ಬೋರ್ಡಿನ ಮೇಲೆ ಪ್ರಯಾಣಿಕರ ಕಡೆ ಹೊಲಿಗೆಯೋ ಅಂಟಿಸಿದ ಗೆರೆಯೋ ಕಂಡರೆ ಅನುಮಾನ ಪಡಿ.

ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ

"ನಾನು ಬಂದ ಮೇಲೆ ಸ್ಟಾರ್ಟ್ ಮಾಡಿ" ಅಂತ ಹಿಂದಿನ ದಿನವೇ ಹೇಳಿ. ಬೆಳಿಗ್ಗೆ ಏಳಕ್ಕೆ ಹೋಗಿ. ಬಾನೆಟ್ ಮೇಲೆ ಕೈ ಇಟ್ಟರೆ ಬೆಚ್ಚಗಿದೆಯಾ? ಹಾಗಾದರೆ ಏನನ್ನೋ ಮುಚ್ಚಿಡಲು ಮುಂಚೆಯೇ ಓಡಿಸಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿನ ಎಂಜಿನ್ ಶುರುವಾದ ಮೊದಲ ಹತ್ತು ಸೆಕೆಂಡಿನಲ್ಲಿ ಚೈನು ಗಡಗಡ ಅನ್ನುತ್ತಾ ಕೇಳಿ, ಸೈಲೆನ್ಸರ್ ಹಿಂದೆ ಒಬ್ಬರು ನಿಂತಿರಲಿ. ನೀಲಿ ಹೊಗೆ ಅಂದ್ರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ, ಸಿಹಿ ವಾಸನೆ ಬಂದರೆ, ಕೂಲೆಂಟ್ ಒಳಗೆ ಹೋಗುತ್ತಿದೆ.

ಓಡಿಸುವಾಗ ಜೋರಾಗಿ ಓಡಿಸೋಕೆ ಹೋಗಬೇಡಿ. ಗೇರ್‌ಬಾಕ್ಸ್ ಬಣ್ಣ ಬಯಲಾಗೋದು ನಿಧಾನದಲ್ಲಿ. ಟ್ರಾಫಿಕ್ಕಿನಲ್ಲಿ ಮೊದಲನೇ, ಎರಡನೇ ಗೇರಿನ ನಡುವೆ ಜರ್ಕ್ ಹೊಡೆಯುತ್ತಾ, ರಿವರ್ಸಿನಲ್ಲಿ ಏರು ಹತ್ತುವಾಗ ನಡುಗುತ್ತಾ ನೋಡಿ. ಆರು ಗೇರಿನ ಒದ್ದೆ ಕ್ಲಚ್ಚಿನ (ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚು) ಡಿಎಸ್‌ಜಿಗೆ 60,000 ಕಿ.ಮೀ.ಗೆ ಆಯಿಲ್ ಬದಲಾಯಿಸಬೇಕು. ಅದರ ಬಿಲ್ಲು ಇದ್ದರೆ ಆ ಮಾಲೀಕ ಕಾರನ್ನು ನೋಡಿಕೊಂಡಿದ್ದಾನೆ ಅಂತ ನಾನು ಅರ್ಧ ನಂಬುತ್ತೇನೆ.

ಮನೆಯ ಬೇಸ್‌ಮೆಂಟ್ ಇಳಿಜಾರು, ರಸ್ತೆಯ ಹಂಪು ಇವನ್ನೂ ಆಗಲೇ ನೋಡಿಬಿಡಿ. ಮಾರುವವರನ್ನು ಪಕ್ಕ ಕೂರಿಸಿಕೊಂಡು ನಿಮ್ಮ ಬೀದಿಗೇ ಬಂದು, ಬೇಸ್‌ಮೆಂಟಿಗೆ ಇಳಿಸಿ, ಹತ್ತಿಸಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಮುಂದಿನ ಬಂಪರ್ ತಾಗುತ್ತೆ ಅಂತ ತಮ್ಮ ಕಾರನ್ನು ತಿಂಗಳುಗಟ್ಟಲೆ ರಸ್ತೆಯಲ್ಲೇ ನಿಲ್ಲಿಸಿ, ಕೊನೆಗೆ ಬಂದ ಬೆಲೆಗೆ ಮಾರಿದರು.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ. ಮೇಲಿನ ಟ್ರೆಡ್ ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟಯರಿನ ರಬ್ಬರ್ ಗಟ್ಟಿಯಾಗಿರುತ್ತೆ, ಮಳೆಯಲ್ಲಿ ಹಿಡಿಯಲ್ಲ. ನಾಲ್ಕೂ ಟಯರಿನ ಬೆಲೆ ವಿಚಾರಿಸಿಕೊಂಡು ಅಷ್ಟನ್ನು ಕಾರಿನ ಬೆಲೆಯಲ್ಲಿ ಇಳಿಸಿ. ಚೌಕಾಸಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಯಾಕಂದ್ರೆ ತಾರೀಖು ಎದುರಿಗೇ ಅಚ್ಚಾಗಿದೆ.

ಟ್ಯೂನ್ ಮಾಡಿದ ಕಾರು

ಸ್ಟೇಜ್ ಒನ್, ಸ್ಟೇಜ್ ಟು ಅಂತ ಎಂಜಿನ್ ಕಂಪ್ಯೂಟರಿನ ಮ್ಯಾಪ್ ಬದಲಾಯಿಸಿ ಶಕ್ತಿ ಹೆಚ್ಚಿಸುವುದು ಈ ಕಾರುಗಳಲ್ಲಿ ಮಾಮೂಲು. ವಿಆರ್‌ಎಸ್ ಅಂತೂ ಟ್ಯೂನ್ ಆಗದ್ದು ಹುಡುಕಬೇಕು. ಮಾರುವ ಮುಂಚೆ ಮತ್ತೆ ಕಂಪನಿ ಮ್ಯಾಪ್ ಹಾಕಿಬಿಡುತ್ತಾರೆ. ಎಂಜಿನ್ನು, ಟರ್ಬೊ, ಕ್ಲಚ್ಚು ಅನುಭವಿಸಿದ ಶ್ರಮ ಮಾತ್ರ ಹಾಗೇ ಇರುತ್ತೆ. ಸೈಲೆನ್ಸರ್ ಪೈಪಿನಲ್ಲಿ ಹೊಸ ಕ್ಲಾಂಪು, ಬಾನೆಟ್ ಒಳಗೆ ಬೇರೆ ಕಂಪನಿಯ ಫಿಲ್ಟರಿನ ಗುರುತು ನೋಡಿ. ಟ್ಯೂನ್ ಆಗಿದೆ ಅಂತ ಒಪ್ಪಿಕೊಂಡು, ಬಿಲ್ಲು ತೋರಿಸಿ, ಆಯಿಲ್ ಬೇಗ ಬೇಗ ಬದಲಾಯಿಸಿದ ಮಾಲೀಕನನ್ನು ನಾನು ಮುಚ್ಚಿಡುವವನಿಗಿಂತ ಜಾಸ್ತಿ ನಂಬುತ್ತೇನೆ. ಆದರೂ ಮೊದಲ ಕಾರಿಗೆ ಬೇಡ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಕ್ಲೇಮ್ ಬಂದಾಗ ಮಾರ್ಪಾಡು ಕಂಡರೆ ನಾವು ವರದಿಯಲ್ಲಿ ಬರೆಯಲೇಬೇಕು. ಆಮೇಲೆ "ಸಾರ್, ನಂಗೆ ಗೊತ್ತಿರಲಿಲ್ಲ" ಅಂದರೆ ಯಾರೂ ಕೇಳಲ್ಲ.

ಸ್ಕ್ಯಾನರ್ ಹಾಕಿಸದೆ ಮುಗಿಸಬೇಡಿ

ಇಷ್ಟೆಲ್ಲ ನೋಡಿ ಇಷ್ಟವಾದರೆ, ಆ ಕಂಪನಿಯ ಸರ್ವಿಸ್ ಸೆಂಟರಿಗೋ ಅದೇ ಬ್ರ್ಯಾಂಡ್ ಗೊತ್ತಿರುವ ಗ್ಯಾರೇಜಿಗೋ ಒಯ್ದು ಲಿಫ್ಟಿನ ಮೇಲೆ ಹಾಕಿಸಿ. ಖರ್ಚು ನಿಮ್ಮದು. ಮಾರುವವರಿಗೆ ಗೊತ್ತಿರುವ ಗ್ಯಾರೇಜ್ ಬೇಡ. ಎಲ್ಲ ಮಾಡ್ಯೂಲಿನ ದೋಷದ ಕೋಡ್ ಓದಿಸಿ. ಒಂದೂ ಕೋಡ್ ಇಲ್ಲ ಅಂದರೆ ಖುಷಿಪಡುವ ಮುಂಚೆ ರೆಡಿನೆಸ್ ಮಾನಿಟರ್ (ಕಾರಿನ ಕಂಪ್ಯೂಟರ್ ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ಹೇಳುವಂಥವು) ನೋಡಲು ಹೇಳಿ. ಅವು "ನಾಟ್ ರೆಡಿ" ಅಂದರೆ ಈಗಷ್ಟೇ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲ ಬ್ಯಾಟರಿ ಬಿಚ್ಚಿದ್ದಾರೆ. ಪೋರ್ಷೆಯಾದರೆ ಎಂಜಿನ್ ಮಿತಿ ಮೀರಿ ಎಷ್ಟು ಸಲ ತಿರುಗಿದೆ, ಎಷ್ಟನೇ ಗಂಟೆಯಲ್ಲಿ ಅನ್ನೋದೂ ಕಂಪ್ಯೂಟರಿನಲ್ಲಿ ಇರುತ್ತೆ, ಅದನ್ನು ಮುದ್ರಿಸಿ ಕೊಡಲು ಕೇಳಿ. ಚಾಸಿ ನಂಬರ್ ಕೊಟ್ಟು ಸರ್ವಿಸ್ ಇತಿಹಾಸದ ಕಿ.ಮೀ. ತಾಳೆ ನೋಡಿ. 28,000 ಅಂತ ಮೀಟರ್ ತೋರಿಸುವ ಕಾರಿನ ಸೀಟಿನ ಬಲಗಡೆ ಅಂಚು ಸವೆದು ನುಣುಪಾಗಿದ್ದರೆ, ಬ್ರೇಕ್ ಪೆಡಲ್ ರಬ್ಬರ್ ತೇದಿದ್ದರೆ, ಮೀಟರ್ ತಿರುಗಿಸಿದ್ದಾರೆ.

ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರನ್ನೂ ಓದಿ. ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಈ ಕಾರುಗಳಲ್ಲಿ ಹೆಚ್ಚಿನವು ಇ5, ಇ10ಕ್ಕೆ, ಅಂದ್ರೆ ಶೇ. 5, ಶೇ. 10 ಎಥೆನಾಲಿಗೆ ಮಾಡಿದಂಥವು. ಫ್ಯೂಯಲ್ ಪೈಪಿನ ರಬ್ಬರು, ಸೀಲುಗಳು ಹೇಗಿವೆ ಅಂತ ಲಿಫ್ಟಿನ ಮೇಲಿದ್ದಾಗಲೇ ನೋಡಿಸಿಬಿಡಿ.

ಲಿಫ್ಟಿಗೆ ಬೇಡ ಅಂದ ಮಾರಾಟಗಾರನ ಹತ್ತಿರ ಮಾತು ಮುಂದುವರಿಸಬೇಡಿ. "ಬೆಳಿಗ್ಗೆಯಿಂದ ಮೂರು ಜನ ಫೋನ್ ಮಾಡಿದ್ದಾರೆ" ಅನ್ನುತ್ತಾನೆ. ಮಾಡಿರಲಿ.

ದುಡ್ಡು ಕೊಟ್ಟ ದಿನ

ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ. ಮಾಲೀಕತ್ವ ಬದಲಾಯಿಸುವ ಫಾರಂ 29, ಫಾರಂ 30ಕ್ಕೆ ಎದುರಿಗೇ ಸಹಿ ಹಾಕಿಸಿ. ಹೊರ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಒ ಕೊಡುವ ಫಾರಂ 28ರ ಎನ್‌ಒಸಿಯೂ ಬೇಕು. ಡೆಲಿವರಿ ನೋಟಿನಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ. ಆ ಗಂಟೆಗೆ ಮುಂಚಿನ ದಂಡ ಅವರದು, ಆಮೇಲಿನದು ನಿಮ್ಮದು. ಎರಡೂ ಕೀಲಿ ಇಸ್ಕೊಳ್ಳಿ. ಎರಡನೇ ಕೀಲಿ ಮಾಡಿಸೋಕೆ ಹೋದರೆ ಅದರ ಬಿಲ್ಲು ನೋಡಿ ಕಣ್ಣು ಕತ್ತಲೆ ಬರುತ್ತೆ.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆ ತಾನಾಗಿಯೇ ಬರುತ್ತೆ, ಕಾರಿನ ಸ್ವಂತ ಹಾನಿಯ ಭಾಗ ಹಾಗಲ್ಲ. ಪಾಲಿಸಿ ಹಳೆ ಮಾಲೀಕನ ಹೆಸರಲ್ಲಿ, ಆರ್‌ಸಿ ನಿಮ್ಮ ಹೆಸರಲ್ಲಿ ಇರುವಾಗ ಗುದ್ದಿದರೆ ನಾನು ಬಂದು ಫೋಟೊ ತೆಗೆಯಬಹುದು ಅಷ್ಟೇ, ದುಡ್ಡು ಬರಲ್ಲ. ಅವರ ಎನ್‌ಸಿಬಿಯೂ ನಿಮಗೆ ಸಿಗಲ್ಲ, ಪ್ರೀಮಿಯಂ ಆ ವ್ಯತ್ಯಾಸದಷ್ಟು ಏರುತ್ತೆ. ಅದನ್ನು ಮೊದಲೇ ಲೆಕ್ಕಕ್ಕೆ ಹಾಕಿಕೊಳ್ಳಿ.

ಅಕ್ಕನ ಮಗ ಕೊನೆಗೆ ಒಂದು ಕೆಎ ನಂಬರಿನ ಟಿಟಿಯನ್ನೇ ತಗೊಂಡ, ಬೂದು ಬಣ್ಣದ್ದು, ಒಬ್ಬರು ಡಾಕ್ಟರ್ ಓಡಿಸುತ್ತಿದ್ದದ್ದು, ಬಿಲ್ಲುಗಳ ಒಂದು ಫೈಲೇ ಇತ್ತು. ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಎಲ್ಲ ಫಿಲ್ಟರು, ಹಿಂದಿನ ಎರಡು ಟಯರು ಬದಲಾಯಿಸಿದ. ನೀವೂ ಹಾಗೇ ಮಾಡಿ, ಮಾರಿದವರು ಮೊನ್ನೆಯಷ್ಟೇ ಮಾಡಿಸಿದ್ದೇವೆ ಅಂದರೂ ಸರಿ. ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಎಲ್ಲ ಕಡೆ ಕ್ಯಾಮೆರಾ ಇದೆ. 2024ರ ಆಗಸ್ಟಿನಿಂದ 130 ದಾಟಿದರೆ ರಾಜ್ಯದಲ್ಲಿ ಎಫ್‌ಐಆರ್ ಹಾಕುತ್ತಿದ್ದಾರೆ. ಜೋರಾಗಿ ಓಡಿಸೋ ಆಸೆ ಇದ್ದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇನಲ್ಲೋ ಟ್ರ್ಯಾಕ್ ದಿನ ನೋಡಿಕೊಂಡು ಹೋಗಿ. ಹೋಗುವ ಮುಂಚೆ ಪಾಲಿಸಿ ತೆಗೆದು ಓದಿ: ರೇಸು, ವೇಗ ಪರೀಕ್ಷೆಯಲ್ಲಿ ಆದ ಹಾನಿಗೆ ವಿಮೆ ಇಲ್ಲ ಅಂತ ಅದರಲ್ಲೇ ಬರೆದಿರುತ್ತೆ.